ಮಡಿಯಲ್ಲಿ ಓದುತ್ತಿದ್ದ ಪಂಕಜಮ್ಮನವರು

ಮದ್ದೂರಿನ ದೇವಸ್ಥಾನದ ಬೀದಿಯಲ್ಲಿ ಯಾರ ಮನೆಯ ಬಾವಿಯ ರಾಟೆ ಹೇಗೆ ಕೂಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಂಕಜಮ್ಮನವರ ಮನೆಯದಂತೂ ಬೀದಿಯ ಕೊನೆಯ ಅರಳೀಕಟ್ಟೆಯವರೆಗೂ ಕೇಳಿಸುತ್ತಿತ್ತು. ಅದಕ್ಕೆ ಎಣ್ಣೆ ಬಿಡುತ್ತೇನೆ, ಬಿಡುತ್ತೇನೆ ಎನ್ನುತ್ತಲೇ ಮಗ ಯೋಗಾನರಸಿಂಹ ಕಚೇರಿಯಲ್ಲಿ ಗುಮಾಸ್ತನಿಂದ ಹೆಡ್ ಗುಮಾಸ್ತನಾಗಿದ್ದ. ಬೆಳಗಿನ ಸ್ನಾನ ಮುಗಿದ ಮೇಲೆ ಆ ರಾಟೆ ಮತ್ತೆ ಕೂಗಿತೆಂದರೆ ಪಂಕಜಮ್ಮನವರಿಗೆ ಏನೋ ಮೈಲಿಗೆಯಾಯಿತು ಎಂದು ಬೀದಿ ತಿಳಿದುಕೊಳ್ಳುತ್ತಿತ್ತು. ಏನು ತಾಗಿತು ಎಂಬುದೂ ಸಂಜೆಯೊಳಗೆ ತಿಳಿದುಬಿಡುತ್ತಿತ್ತು.

ಈ ಪಂಕಜಮ್ಮನವರ ಕತೆಗೆ ಮೊದಲು ಒಂದು ಮಾತು ಹೇಳಿಬಿಡಬೇಕು. ಅವರು ಸುಧಾರಕಿಯಲ್ಲ. ಕಣ್ಣು ಮುಚ್ಚುವವರೆಗೂ ಅವರ ಅಡುಗೆಮನೆಗೆ ಮಡಿಯಿಲ್ಲದೆ ಯಾರೂ ಕಾಲಿಟ್ಟಿಲ್ಲ, ಸ್ವಂತ ಸೊಸೆಯೂ ಇಟ್ಟಿಲ್ಲ. ಅವರನ್ನು ವೇದಿಕೆಯ ಮೇಲೆ ಕೂರಿಸಿ ಹಾರ ಹಾಕುವ ಉತ್ಸಾಹವಿದ್ದವರು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ. ಆಕೆಗೆ ಬಾಯಿ ಜೋರು, ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದರ ಮೇಲೆ ಓದುವ ಚಟ. ಇಂಥ ಅತ್ತೆಯನ್ನು ಇಟ್ಟುಕೊಂಡು ಸೊಸೆ ಚೂಡಾಮಣಿ ನಡೆಸಿದ ಬಾಳೇ ಬೇರೆ ಒಂದು ಪುರಾಣವಾಗುತ್ತದೆ.

ಮದುವೆಯಾಗಿ ಮದ್ದೂರಿಗೆ ಬಂದಾಗ ಪಂಕಜಮ್ಮನವರಿಗೆ ಅಕ್ಷರ ಬರುತ್ತಿರಲಿಲ್ಲ. ಗಂಡ ತಿರುನಾರಾಯಣ ಸ್ಕೂಲು ಮೇಷ್ಟ್ರು. ಊರ ಮಕ್ಕಳಿಗೆ ಕಲಿಸಿ ಮಿಕ್ಕ ಸಹನೆಯನ್ನು ಮನೆಗೆ ತಂದು ಹೆಂಡತಿಗೂ ಅಕ್ಷರ ತಿದ್ದಿಸಿದರು. ಆಕೆ ಓದು ಕಲಿತದ್ದೂ ಅಲ್ಲದೆ ಹಾಡು ಕಟ್ಟುವುದಕ್ಕೂ ಶುರು ಮಾಡಿದರು. ಎಣ್ಣೆಶಾಸ್ತ್ರದ ಹಾಡು, ಆರತಿ ಹಾಡು, ಬೀಗರನ್ನು ಹಂಗಿಸುವ ಹಾಡು, ಒಂದು ತೊಟ್ಟಿಲ ಹಾಡು. ತೊಟ್ಟಿಲ ಹಾಡನ್ನು ಕಟ್ಟಿದ್ದು ಹಾಲು ಕುಡಿಯುವ ಮಗಳು ವೇದವತಿ ತೀರಿಕೊಂಡ ವರ್ಷ. ಹಾಡಿನಲ್ಲಿರುವ ಹೆಸರು ಕೃಷ್ಣನದು, ತೊಟ್ಟಿಲು ಮಾತ್ರ ವೇದವತಿಯದು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಮೇಷ್ಟ್ರಿಗೆ ಹೇಳದೆಯೇ ಗೊತ್ತಾಗಿತ್ತು.

ಮೇಷ್ಟ್ರು ತಮ್ಮ ಅರವತ್ತರ ಶಾಂತಿಗೆ ಆ ಹಾಡುಗಳನ್ನೆಲ್ಲ ಮಂಡ್ಯದಲ್ಲಿ ಅಚ್ಚು ಹಾಕಿಸಿ, ಬಂದವರಿಗೆ ತೆಂಗಿನಕಾಯಿಯ ಜೊತೆ ಒಂದೊಂದು ಪುಸ್ತಕ ಕೊಟ್ಟರು. ಬಂದವರು ಸಂತೋಷದಿಂದ ತೆಂಗಿನಕಾಯಿ ತೆಗೆದುಕೊಂಡು ಹೋದರು. ಮಾರನೆಯ ದಿನ ಕೆಲವು ಪುಸ್ತಕಗಳು ದೇವಸ್ಥಾನದ ಪೌಳಿಯ ಮೇಲೆ ಸಿಕ್ಕವು, ಒಂದರ ಮೇಲೆ ಕೋಸಂಬರಿ ಇತ್ತು. ಉಳಿದ ಪ್ರತಿಗಳನ್ನು ಅಟ್ಟಕ್ಕೆ ಹಾಕಿದರು. ಆ ಪುಸ್ತಕದ ಬಗ್ಗೆ ಯಾರಾದರೂ ಒಂದು ಮಾತು ಹೇಳುತ್ತಾರೆಂದು ಪಂಕಜಮ್ಮ ಬಹಳ ಕಾಲ ಕಾದರು. ಆಮೇಲೆ ಕಾಯುವುದನ್ನು ಬಿಟ್ಟರು. ಆಮೇಲೆ ಮೇಷ್ಟ್ರು ಹೋದರು.

ಗಂಡ ಹೋದ ಮೇಲೆ ಪಂಕಜಮ್ಮ ಮಡಿಯನ್ನು ಗಟ್ಟಿಯಾಗಿ ಹಿಡಿದರು. ಉಳಿದವರ ಮಡಿ ಮಧ್ಯಾಹ್ನದ ಊಟಕ್ಕೆ ಮುಗಿದರೆ ಇವರದು ಬೆಳಗ್ಗೆ ಉಟ್ಟಲ್ಲಿಂದ ರಾತ್ರಿಯ ಫಲಾಹಾರದವರೆಗೆ. ನಡುವೆ ಬಿಟ್ಟು ಮತ್ತೆ ಉಡುವುದು ಕಳ್ಳಾಟ ಎನ್ನುವುದು ಅವರ ಅಭಿಪ್ರಾಯ. ಹಾಗಾಗಿ ಓದು ನಿಂತಿತು. ಪುಸ್ತಕವೆಂದರೆ ಹತ್ತು ಜನ ಮುಟ್ಟಿದ್ದು, ಅದನ್ನು ಒಗೆದು ಗಳದ ಮೇಲೆ ಹರವುವುದಕ್ಕೆ ಆಗುವುದಿಲ್ಲ. ದೇವರ ಮನೆಯ ಒಂದೆರಡು ಗ್ರಂಥಗಳನ್ನು ಬಿಟ್ಟರೆ ಅವರಿಗೆ ಉಳಿದದ್ದು ದಿನಸಿ ಕಟ್ಟಿ ತಂದ ಪೇಪರು. ಚೂಡಾಮಣಿ ಬೇಳೆಯನ್ನು ಡಬ್ಬಕ್ಕೆ ಸುರಿದು ಪೇಪರನ್ನು ನೆಲಕ್ಕೆ ಬಿಟ್ಟರೆ ಅತ್ತೆ ಸೊಂಟ ಬಗ್ಗಿಸಿ, ಕೈ ಹಿಂದೆ ಕಟ್ಟಿ, ಮುಟ್ಟದೆ ಓದುತ್ತಿದ್ದರು. ಮಡಚಿಕೊಂಡಿದ್ದ ಭಾಗದಲ್ಲಿ ಏನಿದೆಯೆಂದು ಅವರಿಗೆ ಕೊನೆಗೂ ಗೊತ್ತಾಗುತ್ತಿರಲಿಲ್ಲ. ಮಳವಳ್ಳಿಯಲ್ಲಿ ಯಾರದೋ ಎತ್ತಿನ ಜೋಡಿ ಕಳುವಾದ ಸುದ್ದಿಯನ್ನು ಅರ್ಧ ಓದಿದವರು ಒಂದು ವಾರ ಅದು ಸಿಕ್ಕಿತೇ ಎಂದು ಮನೆಯವರ ತಲೆ ತಿಂದಿದ್ದರು.

ಎಪ್ಪತ್ತೈದನೇ ಇಸವಿಯಲ್ಲಿ ಪುಸ್ತಕದ ಸುತ್ತು ಶುರುವಾಯಿತು. ಶುರು ಮಾಡಿದವಳು ದೇವಿರಮ್ಮ ಎನ್ನಬೇಕು. ದೇವಿರಮ್ಮ ಸೋಮನಹಳ್ಳಿ ಕಡೆಯಿಂದ ಹಾಲಿನ ಕ್ಯಾನು ಹಿಡಿದು ದಿನಾ ಬೆಳಗಿನ ಬಸ್ಸಿಗೆ ಬರುವ ಒಕ್ಕಲಗಿತ್ತಿ, ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಹಾಲು ಹಾಕಿದ ಮೇಲೆ ವಾಪಸು ಬಸ್ಸು ಬರುವವರೆಗೆ ಮಹಿಳಾ ಸಮಾಜದ ಜಗಲಿಯಲ್ಲಿ ಕೂರುತ್ತಿದ್ದಳು. ಅಲ್ಲಿ ಪುಸ್ತಕದ ಬೀರು ಒಂದಿತ್ತು, ಅದರ ಕೀಲಿ ಚೂಡಾಮಣಿಯ ಕೈಲಿತ್ತು. ಒಂದು ದಿನ ದೇವಿರಮ್ಮ ಆ ಬೀರುವಿನ ಗಾಜಿಗೆ ಮೂಗು ತಾಗಿಸಿ, ಬರೆದವರ ಹೆಸರುಗಳನ್ನೆಲ್ಲ ಒಂದೊಂದಾಗಿ ಓದಿ, ತಿರುಗಿ ಕೇಳಿದಳು:

"ಅಲ್ಲಾ ಕಣಮ್ಮ, ಇದ್ರಾಗಿರೋರೆಲ್ಲ ಒಂದೇ ಬೀದಿಯೋರಾ? ಅಳ್ಳಿಯೋರು, ಕೇರಿಯೋರು, ಸಾಬ್ರು, ಅವ್ರ್ಯಾರೂ ಬರಿಯಾಕಿಲ್ವಾ?"

ಚೂಡಾಮಣಿ ಬೀರುವನ್ನು ಮತ್ತೆ ನೋಡಿದಳು. ಅಷ್ಟು ವರ್ಷ ಅದರ ಕೀಲಿ ಸೆರಗಿಗೆ ಕಟ್ಟಿಕೊಂಡು ತಿರುಗಿದ್ದರೂ ಅವಳಿಗೆ ಅದು ಹೊಳೆದಿರಲಿಲ್ಲ. ಅವಮಾನವಾಯಿತು. ಅವಮಾನವಾದಾಗ ಅವಳು ಏನಾದರೂ ಕೆಲಸ ಹಚ್ಚಿಕೊಳ್ಳುವವಳು, ಹಾಗೆ ಸುತ್ತು ಹುಟ್ಟಿತು. ಕಟ್ಟಳೆ ಇಷ್ಟೇ: ಬೀರುವಿನಲ್ಲಿ ಇಲ್ಲದವರ ಪುಸ್ತಕ ಹುಡುಕಿ ತರಬೇಕು, ಒಂದು ಬೀದಿಯಿಂದ ಒಂದು ಪುಸ್ತಕ ಬಂದರೆ ಬೇರೆ ಬೀದಿಗಳ ಸರದಿ ಮುಗಿಯುವ ತನಕ ಮತ್ತೆ ಆ ಬೀದಿಗೆ ಹೋಗಕೂಡದು. ದೇಶದಲ್ಲಿ ಆಗ ತುರ್ತುಪರಿಸ್ಥಿತಿ. ನಾಲ್ಕು ಜನ ಒಂದು ಕಡೆ ಸೇರಿದರೆ ಯಾಕೆ ಸೇರಿದ್ದೀರಿ ಎಂದು ಕೇಳುವ ಕಾಲ. ಅದಕ್ಕೇ ಇವರು ಸೇರುತ್ತಿರಲಿಲ್ಲ. ಪುಸ್ತಕ ಮಾತ್ರ ದೇವಿರಮ್ಮನ ಹಾಲಿನ ಚೀಲದಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿತ್ತು. ಮಂಡ್ಯದಲ್ಲಿ ದಾದಿಯಾಗಿದ್ದ ಕ್ರೈಸ್ತ ಹೆಂಗಸೊಬ್ಬಳು ಬರೆದ ಹೆರಿಗೆ ಕೋಣೆಯ ನೆನಪುಗಳು ಬಂದವು. ಮಳವಳ್ಳಿಯ ಸಾಬರ ಟೈಲರ್ ಒಬ್ಬನ ಪದ್ಯಗಳು ಬಂದವು. ಪುಸ್ತಕಗಳೆಲ್ಲ ತೆಳ್ಳಗೆ, ಕಾಗದ ಒರಟು, ಅಚ್ಚಿನ ತಪ್ಪು ಧಾರಾಳ. ಒಂದಕ್ಕಿಂತ ಒಂದು ಚೆನ್ನಾಗಿದ್ದವು ಎಂದರೆ ಸುಳ್ಳಾಗುತ್ತದೆ. ಟೈಲರನ ಪದ್ಯಗಳಲ್ಲಿ ಅರ್ಧ ಪ್ರಾಸಕ್ಕಾಗಿ ಹೊಲಿದವು. ಆದರೂ ಎಲ್ಲರೂ ಕೊನೆಯವರೆಗೆ ಓದಿದರು.

ಮನೆಗೆ ಹೀಗೆ ಪುಸ್ತಕ ಬರುತ್ತಿರುವುದನ್ನು ನೋಡಿ ಪಂಕಜಮ್ಮನವರಿಗೆ ತಡೆಯಲಾಗಲಿಲ್ಲ. ಬಗ್ಗಿ ಓದೋಣವೆಂದರೆ ಪುಸ್ತಕ ನೆಲದ ಮೇಲೆ ತೆರೆದುಕೊಂಡು ಕೂರುವುದಿಲ್ಲ. ಒಂದು ಬೆಳಗ್ಗೆ ಅವರು ಟ್ರಂಕು ತೆಗೆಸಿ ತಮ್ಮ ಧಾರೆ ಸೀರೆಯನ್ನು ಹೊರಗೆ ಹಾಕಿಸಿದರು. ಕೆಂಪು ರೇಷ್ಮೆ, ಅಂಗೈ ಅಗಲದ ಜರಿ. ವಿಧವೆಯಾದ ಮೇಲೆ ಉಡುವಂತಿಲ್ಲ, ಯಾರಿಗೂ ಕೊಡುವ ಮನಸ್ಸೂ ಬಂದಿರಲಿಲ್ಲ.

"ಇದನ್ನ ಕತ್ತರಿಸಿ ಪುಸ್ತಕಕ್ಕೆ ಗವಸು ಹೊಲಿ. ರೇಷ್ಮೆಗೆ ಮೈಲಿಗೆ ತಟ್ಟಲ್ಲ," ಎಂದರು.

"ಹಾಳೆ ಏನು ಮಾಡ್ತೀರಿ? ಹಾಳೆಗೂ ಹೊಲಿಯೋಕ್ಕಾಗತ್ತಾ?"

ಪಂಕಜಮ್ಮ ಯೋಚಿಸಿದರು. "ಬೆರಳಿಗೆ ಹೊಲಿ."

ಚೂಡಾಮಣಿ ಪುಸ್ತಕಕ್ಕೊಂದು ಗವಸು, ಅತ್ತೆಯ ತೋರುಬೆರಳಿಗೊಂದು ಟೋಪಿ ಹೊಲಿದಳು. ಮದುವೆಯ ಸೀರೆಗೆ ಕತ್ತರಿ ಇಡುವಾಗ ಅವಳು ಎರಡು ಸಲ ಅತ್ತೆಯ ಮುಖ ನೋಡಿದಳು, ಅಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ಪಂಕಜಮ್ಮ ನಡುಮನೆಯ ಕಂಬಕ್ಕೆ ಒರಗಿ, ಕೆಂಪು ರೇಷ್ಮೆ ಹೊದ್ದ ಪುಸ್ತಕವನ್ನು ತೊಡೆಯ ಮೇಲಿಟ್ಟು, ಜರಿಯಂಚಿನ ಬೆರಳಿನಿಂದ ಹಾಳೆ ತಿರುವುತ್ತ ದಾದಿಯ ಹೆರಿಗೆ ಕೋಣೆಯನ್ನೂ ಟೈಲರನ ಪ್ರಾಸವನ್ನೂ ಓದಿ ಮುಗಿಸಿದರು. ರಾಟೆ ಕೂಗಲಿಲ್ಲ. ಯೋಗಾನರಸಿಂಹ ಇದನ್ನು ನೋಡಿಯೂ ನೋಡದವನಂತೆ ಕಚೇರಿಗೆ ಹೋದ.

ಮುಂದಿನ ಪುಸ್ತಕ ಬೆಳ್ಳಮ್ಮನದು. ಬೆಳ್ಳಮ್ಮ ಶಿವಪುರದ ಶಾಲೆಯಲ್ಲಿ ಮೇಡಮ್ಮು. ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಒಂದು ಹೊಲಗೇರಿಯಲ್ಲಿ. ತಾಯಿ ಪುಟ್ಟಮಾದಮ್ಮನ ಜೊತೆ ಮದ್ದೂರಿನಲ್ಲಿ ಬಾಡಿಗೆಗಿದ್ದಳು. ಆ ಒಂದು ಕೋಣೆ ಸಿಗುವಷ್ಟರಲ್ಲಿ ಅವಳ ಚಪ್ಪಲಿ ಸವೆದಿತ್ತು. ಸಮಾಜದ ಬೀರುವಿನ ಮುಂದೆ ಪರಿಚಯವಾಗಿ ಅವಳೂ ಚೂಡಾಮಣಿಯೂ ಗೆಳತಿಯರಾಗಿದ್ದರು. ಮದ್ದೂರಿಗೆ ಬಂದು ಅಷ್ಟು ವರ್ಷಕ್ಕೆ ಚೂಡಾಮಣಿಗೆ ಸಿಕ್ಕಿದ ಗೆಳತಿ ಇವಳೊಬ್ಬಳೇ. ಉಳಿದವರೆಲ್ಲ ನೆಂಟರು, ಇಲ್ಲವೇ ನೆರೆಯವರು. ಬೆಳ್ಳಮ್ಮ ಕತೆ ಬರೆಯುತ್ತಾಳೆಂದು ತಿಳಿದದ್ದೂ ನಿಧಾನವಾಗಿ. ಮೈಸೂರಿನ ಸ್ನೇಹಿತರು ಅಚ್ಚು ಹಾಕಿಸಿಕೊಟ್ಟ 'ಮೇಲಿಂದ ಹುಯ್ದ ನೀರು' ಎಂಬ ಪುಸ್ತಕವನ್ನು ಅವಳು ಬಹಳ ಹಿಂದೆಗೆದು ಸುತ್ತಿಗೆ ಕೊಟ್ಟಳು.

ಪಂಕಜಮ್ಮ ಅದನ್ನು ಓದತೊಡಗಿದರು. ಮೊದಲನೇ ಕತೆಯಲ್ಲಿ ಕೆರೆಯೇರಿಯ ಮೇಲೆ ಒಬ್ಬಳು ಹುಡುಗಿ ಬೊಗಸೆ ಹಿಡಿದು ನಿಂತಿರುತ್ತಾಳೆ. ಕೊಡ ಹೊತ್ತು ಬಂದ ಹೆಂಗಸು ಮೇಲಿನಿಂದ ನೀರು ಹುಯ್ಯುತ್ತಾಳೆ, ಬಾಯಾರಿಕೆ ತೀರುವ ಮೊದಲೇ ನಿಲ್ಲಿಸಿ ಹೋಗುತ್ತಾಳೆ. ಅಷ್ಟೇ ಕತೆ. ಅದನ್ನು ಓದಿ ಪಂಕಜಮ್ಮ ರೇಷ್ಮೆಯ ಬೆರಳಲ್ಲೇ ಕಣ್ಣೊರೆಸಿಕೊಂಡರು. ದಿನಕ್ಕೊಂದು ಕತೆಗಿಂತ ಹೆಚ್ಚು ಓದಬಾರದೆಂದು ತಮಗೆ ತಾವೇ ಕಟ್ಟು ಹಾಕಿಕೊಂಡರು, ಬೇಗ ಮುಗಿದುಬಿಡುತ್ತದೆಂಬ ಭಯ.

ಹಾಲು ಹಾಕಲು ಬಂದ ದೇವಿರಮ್ಮ ಬಾಗಿಲಿನಿಂದ ಇದನ್ನು ನೋಡಿದಳು. ನೋಡಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿಲ್ಲ. ನೇರ ಬೆಳ್ಳಮ್ಮನ ಮನೆಗೆ ಹೋಗಿ ಹೇಳಿದಳು: "ನಿನ್ ಪುಸ್ತಕುಕ್ಕೆ ಆಯಮ್ಮ ಜರಿ ಸೀರೆ ಕುಯ್ದು ಒದ್ಸವ್ರೆ ಕಣವ್ವ! ದಾರೆ ಸೀರೆಯಂತೆ! ತೊಡೆ ಮ್ಯಾಲೆ ಇಕ್ಕಂಡು ಅಳ್ತಾ ಕುಂತವ್ರೆ!" ಅದನ್ನು ಕೇಳಿ ಪುಟ್ಟಮಾದಮ್ಮ ಅತ್ತಳಂತೆ. ಅವಳಿಗೆ ಗೊತ್ತಿದ್ದಂತೆ ರೇಷ್ಮೆ ಹೊದಿಸುವುದು ದೇವರ ಗ್ರಂಥಕ್ಕೆ.

ಇದನ್ನು ಚೂಡಾಮಣಿಗೆ ಹೇಳುವಾಗ ಬೆಳ್ಳಮ್ಮನ ಮುಖ ಅರಳಿತ್ತು. ರೇಷ್ಮೆಯ ನಿಜವಾದ ಕಾರಣವನ್ನು ಹೇಳಲು ಚೂಡಾಮಣಿಗೆ ಆಗಲೇ ಸಂದರ್ಭವಿತ್ತು. ಅವಳು ಹೇಳಲಿಲ್ಲ. ಹೇಳಿದರೆ ಇದ್ದ ಒಬ್ಬ ಗೆಳತಿಯೂ ಹೋಗುತ್ತಾಳೆಂಬ ಹೆದರಿಕೆ. "ಹೂಂ, ಅತ್ತೆಗೆ ಪುಸ್ತಕ ಅಂದ್ರೆ ಹಾಗೇ," ಎಂದಳು.

ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಬೆಳ್ಳಮ್ಮ ಗಂಜಿ ಹಾಕಿದ ಸೀರೆಯುಟ್ಟು ದೇವಸ್ಥಾನದ ಬೀದಿಗೆ ಬಂದಳು, ಪಂಕಜಮ್ಮನವರಿಗೆ ಕೈ ಮುಗಿದು ಹೋಗಲು. ಚೂಡಾಮಣಿ ಗೆಳತಿಯನ್ನು ಜಗಲಿಯ ಮೇಲೆ ಕೂರಿಸಿ, ತಾನು ದಿನಾ ಕುಡಿಯುವ ಲೋಟದಲ್ಲೇ ಕಾಫಿ ತಂದುಕೊಟ್ಟಳು. ಪಂಕಜಮ್ಮ ಪುಸ್ತಕ ಹಿಡಿದು ಬಂದು ಹೊಸಿಲಿನ ಒಳಗೆ ನಿಂತರು.

"ನೀನೇನೇ ಬರೆದವಳು?"

"ಹೌದಮ್ಮ."

"ಆ ಹುಡುಗಿಗೆ ನೀರು ಸಾಕಾಯ್ತೋ ಇಲ್ಲವೋ, ನೀನು ಬರೆದೇ ಇಲ್ಲ."

"ಸಾಕಾಗ್ಲಿಲ್ಲ."

"ನನಗೂ ಹಾಗೇ ಅನ್ನಿಸ್ತು. ಆ ಹೆಂಗಸಿಗೆ ಇನ್ನೊಂದಿಷ್ಟು ಹುಯ್ಯೋದಕ್ಕೆ ಏನಾಗಿತ್ತು ದಾಡಿ?"

ಬೆಳ್ಳಮ್ಮ ನಕ್ಕಳು. ಅವಳ ಕತೆಯೊಳಗಿನ ಒಬ್ಬರ ಮೇಲೆ ಹೀಗೆ ಸಿಟ್ಟಾದವರನ್ನು ಅವಳು ಕಂಡಿರಲಿಲ್ಲ. "ನಮ್ಮವ್ವ ನಿಮಗೆ ಕೈ ಮುಗಿದು ಬಾ ಅಂದ್ಲು. ರೇಷ್ಮೆ ಹೊದಿಸಿದ್ರಲ್ಲ, ಅಷ್ಟು ಮರ್ಯಾದೆ ನಮಗೆ ಯಾರೂ ಮಾಡಿರಲಿಲ್ಲ ಅಂತ ಅತ್ತುಬಿಟ್ಲು."

ಚೂಡಾಮಣಿ ಅತ್ತೆಯ ಕಡೆ ನೋಡಿದಳು. ಒಂದೇ ಒಂದು ಸಲ, ದೇವರೇ, ಇವರು ಬಾಯಿ ಮುಚ್ಚಿಕೊಂಡಿರಲಿ.

"ಅದು ಮರ್ಯಾದೆಗಲ್ಲ ಕಣೇ," ಎಂದರು ಪಂಕಜಮ್ಮ. "ಮಡಿಗೆ. ರೇಷ್ಮೆ ಇದ್ರೆ ನನಗೆ ಮೈಲಿಗೆ ಆಗಲ್ಲ."

ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ಬೆಳ್ಳಮ್ಮ ಕಾಫಿ ಲೋಟವನ್ನು ಕೆಳಗಿಟ್ಟಳು. "ಎಲ್ಲಾರ ಪುಸ್ತಕಕ್ಕೂ ಹೊದಿಸ್ತೀರಾ?" ಎಂದು ಕೇಳಿದಳು.

"ಎಲ್ಲರದಕ್ಕೂ. ಇದೇ ಬೀದಿ ಶ್ಯಾಮಣ್ಣ ಯಾತ್ರೆ ಹೋಗಿಬಂದು ಒಂದು ಪುಸ್ತಕ ಬರೆದ, ಅದಕ್ಕೂ ಹೊದಿಸಿದೆ."

"ಎಲ್ಲಾರಿಗೂ ಒಂದೇ ಅಂದ್ರೆ ಸರಿ," ಎಂದಳು ಬೆಳ್ಳಮ್ಮ. ಅವಳ ಮುಖ ಮೊದಲಿನಂತೆ ಆಗಲಿಲ್ಲ, ಆದರೆ ನೇರವಾಗಿ ಹೇಳಿದ್ದನ್ನು ನೇರವಾಗಿ ತೆಗೆದುಕೊಳ್ಳುವ ಮನುಷ್ಯಳು. "ಕೊನೇ ಕತೆ ಆಯ್ತಾ?"

"ಅದೊಂದಿದೆ."

"ಅದು ಓದಿ. ಅದೇ ನಾನು ಕಷ್ಟಪಟ್ಟು ಬರೆದಿದ್ದು. ಎಲ್ಲಿ, ತೋರಿಸ್ತೀನಿ." ಅವಳು ಎದ್ದು ಕೈ ಚಾಚಿದಳು. ಪಂಕಜಮ್ಮ ಪುಸ್ತಕವನ್ನು ಕೊಟ್ಟರು. ಬೆಳ್ಳಮ್ಮ ಕೊನೆಯ ಕತೆಯ ಪುಟ ತೆಗೆದು, ಗುರುತಿಗೆ ಒಂದು ಎಲೆ ಇಟ್ಟು, ವಾಪಸು ಕೊಡುವಾಗ ಅವಳ ಬೆರಳು ಮುದುಕಿಯ ಬೆರಳಿಗೆ ತಾಗಿತು. ಪಂಕಜಮ್ಮ ಪುಸ್ತಕವನ್ನೂ ಬೆರಳಿನ ಟೋಪಿಯನ್ನೂ ಜಗಲಿಯ ಮೇಲೆ ಇಟ್ಟರು. ಬೆಳ್ಳಮ್ಮ ನಮಸ್ಕಾರ ಹೇಳಿ ಹೊರಟಳು.

ಅವಳು ಅರಳೀಕಟ್ಟೆ ತಲುಪುವಷ್ಟರಲ್ಲಿ ರಾಟೆ ಕೂಗಿತು.

ಬೆಳ್ಳಮ್ಮ ನಿಂತಳು. ಆ ಕೂಗಿನ ಅರ್ಥವನ್ನು ದೇವಿರಮ್ಮ ಅವಳಿಗೂ ಎಂದೋ ಹೇಳಿದ್ದಳು. ತಿರುಗಿ ಬಂದಳು. ಪಂಕಜಮ್ಮ ಹಿತ್ತಲಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು, ಚೂಡಾಮಣಿ ಜಗಲಿಯ ಮೇಲೆ ಲೋಟ ಹಿಡಿದು ಹಾಗೇ ನಿಂತಿದ್ದಳು.

"ದೇವಿರಮ್ಮ ಬಂದು ಹೋದ್ರೆ ಈ ರಾಟೆ ಕೂಗುತ್ತಾ?"

ಚೂಡಾಮಣಿ ಕೈಯಲ್ಲಿದ್ದ ಲೋಟದೊಳಗೆ ನೋಡಿದಳು. ದೇವಿರಮ್ಮ ಎಷ್ಟೋ ಸಲ ಅತ್ತೆಯ ಕೈಗೇ ಪಾತ್ರೆ ಕೊಟ್ಟಿದ್ದಳು, ಕೈ ತಾಗಿದ್ದೂ ಉಂಟು. ಆಗ ಪಂಕಜಮ್ಮ ಕಾಲು ತೊಳೆದುಕೊಂಡು ಸುಮ್ಮನಾಗುತ್ತಿದ್ದರು.

"ರೇಷ್ಮೆ ಯಾಕಂತ ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ಹೇಳ್ಬೋದಿತ್ತು."

ಬೆಳ್ಳಮ್ಮ ಪುಸ್ತಕದಿಂದ ರೇಷ್ಮೆಯ ಗವಸನ್ನು ದಿಂಬಿನ ಚೀಲ ಕಳಚಿದ ಹಾಗೆ ಕಳಚಿದಳು, ನೀಟಾಗಿ ಮಡಚಿ ಜಗಲಿಯ ಮೇಲಿಟ್ಟಳು, ಬೆರಳಿನ ಟೋಪಿಯನ್ನು ಅದರ ಮೇಲಿಟ್ಟಳು. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು.

ಪಂಕಜಮ್ಮ ಒದ್ದೆ ಬಟ್ಟೆಯಲ್ಲಿ ಬಂದರು. "ಪುಸ್ತಕ ಎಲ್ಲೇ?"

"ತಗೊಂಡು ಹೋದಳು."

"ಅಯ್ಯೋ, ನನಗೆ ಇನ್ನೂ ಒಂದು ಕತೆ ಇತ್ತಲ್ಲ!"

ಅತ್ತೆಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಕತೆಯ ಚಿಂತೆಯೇ ದೊಡ್ಡದಾಯಿತೋ, ಚೂಡಾಮಣಿಗೆ ಆ ಕ್ಷಣ ಅವರನ್ನು ಆ ಬಾವಿಗೇ ನೂಕಬೇಕೆನ್ನಿಸಿತು. ಅಷ್ಟೇ ಸಿಟ್ಟು ತನ್ನ ಮೇಲೂ ಬಂತು. ಅವಳು ಲೋಟ ತೊಳೆದಿಟ್ಟಳು.

ಸುತ್ತು ನಿಂತುಹೋಯಿತು. ಬೆಳ್ಳಮ್ಮ ಸಮಾಜದ ಕಡೆ ಬರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಚೂಡಾಮಣಿಯ ತಲೆಯ ಮೇಲಿನ ಬೋರ್ಡನ್ನು ಓದುತ್ತಿದ್ದಳು. ಮನೆಯಲ್ಲಿ ಅತ್ತೆಯದು ಇನ್ನೊಂದು ರಾಗ. ಆ ಕೊನೇ ಕತೆ ಏನಿರಬಹುದು? ಹುಡುಗಿ ಮತ್ತೆ ಬರುತ್ತಾಳೋ? ಚೂಡಾಮಣಿ ಅದನ್ನು ಓದಿದ್ದಳು, ತಲೆಬೇನೆ ತಡೆಯಲಾರದೆ ಒಮ್ಮೆ ಹೇಳಲು ಹೋದಳು. ಪಂಕಜಮ್ಮ ಕಿವಿ ಮುಚ್ಚಿಕೊಂಡರು. "ನೀನು ಹೇಳಬೇಡ. ಬರೆದವಳದ್ದು ಬರೆದ ಹಾಗೇ ಬೇಕು ನನಗೆ."

ಕೊನೆಗೆ ಪಂಕಜಮ್ಮನವರಿಗೆ ಒಂದು ಉಪಾಯ ಹೊಳೆಯಿತು. ಅಟ್ಟದಿಂದ ತಮ್ಮ ಹಾಡಿನ ಪುಸ್ತಕದ ಒಂದು ಪ್ರತಿ ಇಳಿಸಿ, ಧೂಳು ಹೊಡೆಸಿ, ದೇವಿರಮ್ಮನ ಚೀಲಕ್ಕೆ ಹಾಕಿಸಿದರು. "ಅವಳಿಗೆ ಕೊಡು. ಇದೂ ನಿಮ್ಮ ಬೀರುವಿನಲ್ಲಿ ಇಲ್ಲದ್ದೇ ಅಂತ ಹೇಳು. ನಂದು ಅವಳು ಓದಲಿ, ಅವಳದ್ದು ನನಗೆ ಕಳಿಸಲಿ." ಬರೆದವಳಿಗೆ ಇನ್ನೊಬ್ಬ ಬರೆದವಳ ಪುಸ್ತಕ ಬಂದರೆ ಸಂತೋಷವಾಗಿಯೇ ತೀರುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಆಮೇಲಿನ ದಿನಗಳಲ್ಲಿ ಹಾಲಿನ ಹೊತ್ತಿಗೆ ಮುಂಚೆಯೇ ಹೊಸಿಲಿಗೆ ಬಂದು ನಿಲ್ಲುತ್ತಿದ್ದರು. ಯಾವಾಗಲೋ ಬಿಟ್ಟಿದ್ದ ಆ ಕಾಯುವ ಕೆಲಸವನ್ನು ಆ ವಯಸ್ಸಿನಲ್ಲಿ ಮತ್ತೆ ಹಿಡಿದಿದ್ದರು. ಅದನ್ನು ನೋಡಿ ಚೂಡಾಮಣಿಗೆ ಮೊದಲ ಸಲ ಅತ್ತೆಯ ಮೇಲೆ ಮರುಕ ಬಂತು.

ಪುಸ್ತಕ ಬಂತು. ಬೆಳ್ಳಮ್ಮನದಲ್ಲ, ಅವರದೇ ವಾಪಸು. ಯೂರಿಯಾ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಕತ್ತರಿಸಿ, ಗೋಣಿ ದಬ್ಬಳದಲ್ಲಿ ದಪ್ಪ ದಾರ ಹಾಕಿ ಅದಕ್ಕೊಂದು ಗವಸು ಹೊಲಿದಿತ್ತು. ಜೊತೆಗೆ ಕಟ್ಟಿದ ಎರಡು ಪೊರಕೆ ಕಡ್ಡಿ.

"ಇದೇನೇ ಕಡ್ಡಿ?"

"ಆಳೆ ತಿರುವಾಕೆ," ಎಂದಳು ದೇವಿರಮ್ಮ, ಹಾಲು ಹುಯ್ಯುತ್ತ.

ಪಂಕಜಮ್ಮ ಕಡ್ಡಿಗಳನ್ನೇ ನೋಡಿದರು. "ಓದಿದಳೇನೇ ನಿಜವಾಗಿ?" ಎಂದರು.

"ಓದವ್ರೆ. ತೊಟ್ಲು ಪದ ಓದಿ ಅವ್ವ ಮಗ್ಳು ಇಬ್ರೂ ಅತ್ರಂತೆ. ಇದು ದೇವರ ಪದ ಅಲ್ಲ, ಕೂಸು ಕಳ್ಕಂಡೋಳ ಪದ ಅಂದ್ಲಂತೆ ಪುಟ್ಟಮಾದಮ್ಮ. ಅತ್ತು, ಕಣ್ಣೊರಸ್ಕಂಡು, ಆಮ್ಯಾಕೆ ಇಬ್ರೂ ತಲೆ ಮ್ಯಾಲೆ ನೀರು ಉಯ್ಕಂಡ್ರಂತೆ. ಅದ್ನೂ ಯೋಳ್ಬುಡು ಅಂದ್ಲು, ಯೋಳ್ದೆ. ನನ್ ಮ್ಯಾಲೆ ಸಿಟ್ಟಾಗ್ಬ್ಯಾಡಿ ಕಣಮ್ಮ, ನಾನು ಆಲಿನೋಳು."

ದೇವಿರಮ್ಮ ಹೋದಳು. ಪಂಕಜಮ್ಮ ಕಂಬಕ್ಕೆ ಒರಗಿ ಆ ಪ್ಲಾಸ್ಟಿಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೇಷ್ಟ್ರು ಆಸೆಪಟ್ಟು ಹಾಕಿಸಿದ್ದ ಅವರ ಹೆಸರು ಯೂರಿಯಾದ ಅಕ್ಷರಗಳ ಹಿಂದೆ ಸರಿಯಾಗಿ ಕಾಣುತ್ತಿರಲಿಲ್ಲ.

"ವೇದಿಯ ಹಾಡು ಕಣೇ ಅದು," ಎಂದರು, ಯಾರಿಗೋ ಎಂಬಂತೆ. "ನಿನ್ನ ಮಾವನ್ನ ಬಿಟ್ರೆ ಯಾರಿಗೂ ಗೊತ್ತಾಗಿರಲಿಲ್ಲ. ಅವಳಿಗೆ ಗೊತ್ತಾಯ್ತು. ಗೊತ್ತಾಗಿ, ಅತ್ತು, ಆಮೇಲೆ ಮಿಂದಳಂತಲ್ಲೇ. ನನ್ನ ಮಗು ಅಷ್ಟು ಹೇಸಿಗೆಯಾಯ್ತೇನೇ?"

ಅವರು ತಮ್ಮವರಿಗಾಗಿ ಅತ್ತದ್ದನ್ನು ಚೂಡಾಮಣಿ ಮಾವ ಹೋದಾಗ ಒಮ್ಮೆ ಕಂಡಿದ್ದಳು, ಈಗ ಕಂಡಳು. ಕೆರೆಯೇರಿಯ ಹುಡುಗಿಗಾಗಿ ನೀವೂ ಅತ್ತು ಮಿಂದಿರಲ್ಲ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಆಡುವ ಅಗತ್ಯ ಕಾಣಲಿಲ್ಲ. ಅತ್ತೆಯನ್ನು ನೋಡಿ ಪಾಪ ಎನ್ನಿಸಿತು, ಬೆಳ್ಳಮ್ಮ ಮಾಡಿದ್ದು ಸರಿ ಎಂದೂ ಅನ್ನಿಸಿತು.

ಮರುದಿನ ಬೆಳಗ್ಗೆ ಪಂಕಜಮ್ಮ ದೇವಿರಮ್ಮನಿಗೆ ಹೇಳಿ ಕಳಿಸಿದರು: "ಅವಳ ಪುಸ್ತಕ ಕಳಿಸು ಅನ್ನು. ಹಾಗೇ. ಏನೂ ಸುತ್ತೋದು ಬೇಡ." ಆಮೇಲೆ ರೇಷ್ಮೆಯ ಗವಸನ್ನು ಟ್ರಂಕಿಗೆ ಹಾಕಿಸಿದರು. ಬೆರಳಿನ ಟೋಪಿ ಏಲಕ್ಕಿ ಇಡಲು ಸರಿಯಾಯಿತು.

ಪುಸ್ತಕ ಬರಲಿಲ್ಲ. ಬೆಳ್ಳಮ್ಮನೇ ಬಂದಳು, ಒಂದು ಭಾನುವಾರ ಬೆಳಗ್ಗೆ. ಅವತ್ತು ದ್ವಾದಶಿ. ಹಿಂದಿನ ದಿನವೆಲ್ಲ ಪಂಕಜಮ್ಮನವರದು ನೀರೂ ಮುಟ್ಟದ ಏಕಾದಶಿ. ಬೆಳಕು ಹರಿಯುವ ಮೊದಲೇ ಮಿಂದು, ನೈವೇದ್ಯ ಮುಗಿಸಿ, ಅಗಸೆಸೊಪ್ಪಿನ ಪಲ್ಯ, ನೆಲ್ಲಿಚೆಟ್ಟಿನ ತಂಬುಳಿ ಇಳಿಸಿ, ಇನ್ನೇನು ಪಾರಣೆಗೆ, ಉಪವಾಸ ಮುರಿಯಲು, ಎಲೆಯ ಮುಂದೆ ಕೂರಬೇಕು. ಬೆಳ್ಳಮ್ಮ ಪಂಚಾಂಗ ನೋಡಿ ಬಂದವಳಲ್ಲ, ಅವಳಿಗೆ ಭಾನುವಾರ ರಜ. ಜಗಲಿ ಹತ್ತಲಿಲ್ಲ. ಮೆಟ್ಟಿಲ ಕೆಳಗೇ ನಿಂತು, ಚೂಡಾಮಣಿಯ ಕಡೆ ನೋಡದೆ, "ನಿಮ್ಮತ್ತೆನ ಕರೀರಿ," ಎಂದಳು.

ಪಂಕಜಮ್ಮ ಬಂದರು. ಹಸಿವಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು.

ಬೆಳ್ಳಮ್ಮ ಬ್ಯಾಗಿನಿಂದ ಪುಸ್ತಕ ತೆಗೆದಳು. ಬರೀ ಪುಸ್ತಕ. ಕೈ ಚಾಚಿ ಹಿಡಿದಳು, ಮೆಟ್ಟಿಲ ಮೇಲೆ ಇಡಲಿಲ್ಲ.

"ಅತ್ತೆ, ಪಾರಣೆ ಇನ್ನೂ ಆಗಿಲ್ಲ," ಎಂದಳು ಚೂಡಾಮಣಿ. ಅದು ಯಾರನ್ನು ಕಾಪಾಡಲು ಹೇಳಿದ ಮಾತೋ ಅವಳಿಗೇ ತಿಳಿಯಲಿಲ್ಲ.

"ಗೊತ್ತು," ಎಂದರು ಪಂಕಜಮ್ಮ. ಹೊಸಿಲು ದಾಟಿ ಬಂದು, ಮೆಟ್ಟಿಲು ಇಳಿದು, ಬರಿಗೈಯಲ್ಲಿ ಪುಸ್ತಕ ತೆಗೆದುಕೊಂಡರು. ಅಲ್ಲೇ ಜಗಲಿಯ ತುದಿಯಲ್ಲಿ ಕೂತು ಎಲೆ ಇಟ್ಟಿದ್ದ ಪುಟ ತೆರೆದರು. ಎಲೆ ಒಣಗಿತ್ತು. ತೋರುಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ತುಟಿ ಅಲುಗಿಸುತ್ತ, ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಬೀದಿಯಲ್ಲಿ ಹೋಗುತ್ತಿದ್ದ ಶ್ಯಾಮಣ್ಣ ನಿಂತು ನೋಡಿ, ಮುಂದೆ ಹೋದರು. ಒಳಗೆ ಪಲ್ಯ ಆರುತ್ತಿತ್ತು. ಬೆಳ್ಳಮ್ಮ ನಿಂತೇ ಇದ್ದಳು.

ಓದಿ ಮುಗಿಸಿ, ಪುಸ್ತಕ ಮುಚ್ಚಿ, ಬೆಳ್ಳಮ್ಮನ ಕೈಗೇ ಕೊಟ್ಟು, ಪಂಕಜಮ್ಮ ಒಳಗೆ ಹೋದರು.

ಜಗಲಿಯ ಮೇಲೊಬ್ಬಳು, ಮೆಟ್ಟಿಲ ಕೆಳಗೊಬ್ಬಳು ಕಿವಿಯಾಗಿ ನಿಂತರು. ಹೊತ್ತು ಇನ್ನೂ ಬೇಕಾದಷ್ಟಿತ್ತು; ನಾಲ್ಕು ಕೊಡ ಸೇದಿ, ಮಿಂದು, ಮಡಿಯುಟ್ಟು ಕೂತರೂ ಪಾರಣೆಯ ಹೊತ್ತು ಮೀರುತ್ತಿರಲಿಲ್ಲ. ಅದು ಚೂಡಾಮಣಿಗೆ ಗೊತ್ತಿತ್ತು. ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಬೆಳ್ಳಮ್ಮ ಪುಸ್ತಕವನ್ನು ಬ್ಯಾಗಿಗೆ ತುರುಕಿ ಹೋಗಲು ತಿರುಗಿದಳು. ಚೂಡಾಮಣಿ ಬಗ್ಗಿ ಅವಳ ಸೆರಗು ಹಿಡಿದು ನಿಲ್ಲಿಸಿದಳು, ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ.

ಬಾಳೆ ಎಲೆ ಕುಯ್ದ ಸದ್ದು ಕೇಳಿತು. ಹಿತ್ತಲ ಬಾಗಿಲು ಮುಚ್ಚಿತು. ಒಳಗೆ ಮಣೆ ಎಳೆದ ಸದ್ದು. ಎಲೆಗೆ ನೀರು ಚಿಮುಕಿಸಿದ ಸದ್ದು. ರಾಟೆ ಕೂಗಲಿಲ್ಲ.

"ಚೂಡಾ," ಎಂದು ಒಳಗಿನಿಂದ ಪಂಕಜಮ್ಮನವರ ದನಿ ಬಂತು, ಬಾಯಲ್ಲಿ ತುತ್ತಿತ್ತು. "ಆ ಕತೆ ಕೊನೇಲಿ ಅವಸರ ಮಾಡಿದ್ದಾಳೆ ಅಂತ ಹೇಳು."

ಬೆಳ್ಳಮ್ಮನ ಕಣ್ಣು ಕೆಂಪಾಗಿತ್ತು. "ಅದು ನನಗೂ ಗೊತ್ತು," ಎಂದು ಒಳಗೆ ಕೇಳಿಸುವ ಹಾಗೆ ಹೇಳಿದಳು. ಆಮೇಲೆ ಬಂದು ಜಗಲಿಯ ಮೇಲೆ ಕೂತು, ಚೂಡಾಮಣಿಯ ಕೈಯಿಂದ ತನ್ನ ಸೆರಗು ಬಿಡಿಸಿಕೊಂಡು ಕೇಳಿದಳು:

"ಮುಂದಿನ ಪುಸ್ತಕ ಯಾವ ಬೀದಿದು?"